ಇಲಿಯ ಬಾಲ ಹಿಡಿದು ಎತ್ತಬೇಡಿ

ಈಗ ನೀವು ನೋಡುತ್ತಿರುವುದು ಹಾಸನದ ನಮ್ಮ ಕಾಲೇಜಿನ ಬಿಹೇವಿಯರ್ ರೂಮ್, ಅಂದರೆ ಇಲಿಗಳ ವರ್ತನೆ ಪರೀಕ್ಷಿಸುವ ಕೋಣೆ. ಪ್ರಯೋಗದ ಪ್ರಾಣಿಗಳನ್ನು ಇಟ್ಟಿರುವ ಅನಿಮಲ್ ಹೌಸ್ ಒಳಗೆ ಕ್ಯಾಮೆರಾ ಬಿಡುವುದಿಲ್ಲ, ಬಿಡಲೂಬಾರದು, ಹಾಗಾಗಿ ಖಾಲಿ ಮೇಜ್ ಅಷ್ಟೇ ತೋರಿಸುತ್ತೇನೆ. ಟೇಬಲ್ ಅಲ್ಲ, ಇಲಿಯ ಆತಂಕ ಅಳೆಯಲು ಬಳಸುವ ದಾರಿಗಳ ಚೌಕಟ್ಟು. ಇದಕ್ಕೆ ಎಲಿವೇಟೆಡ್ ಪ್ಲಸ್ ಮೇಜ್ ಅಂತಾರೆ. ನೆಲದಿಂದ ಸುಮಾರು 50 ಸೆಂ.ಮೀ. ಎತ್ತರದಲ್ಲಿ ನಾಲ್ಕು ಆರ್ಮ್ (ತೋಳಿನಂತೆ ಚಾಚಿದ ದಾರಿ), ಎರಡಕ್ಕೆ ಗೋಡೆ ಇದೆ, ಎರಡಕ್ಕೆ ಇಲ್ಲ. ಇಲಿಯನ್ನು ನಡುವೆ ಬಿಟ್ಟು 5 ನಿಮಿಷ ವಿಡಿಯೋ ಮಾಡುತ್ತೇವೆ. ಆತಂಕ ಜಾಸ್ತಿ ಇದ್ದರೆ ಗೋಡೆ ಇರುವ ಕಡೆಯೇ ಅವಿತು ಕೂರುತ್ತದೆ. ಡಯಾಜೆಪಾಮ್ ತರಹದ, ಆತಂಕ ಕಡಿಮೆ ಮಾಡುವ ಔಷಧಿ ಕೊಟ್ಟಿದ್ದರೆ ಗೋಡೆಯಿಲ್ಲದ ಆರ್ಮ್‌ಗೂ ಬಂದು, ಅಂಚಿನಿಂದ ತಲೆ ಬಗ್ಗಿಸಿ ಕೆಳಗೆ ಇಣುಕುವುದು ಹೆಚ್ಚಾಗುತ್ತದೆ.

ಟ್ರೈನಿಂಗ್‌ನಲ್ಲಿ ಮೇಜ್ ಹತ್ತಿರ ಬಿಡುವ ಮೊದಲು ಕಲಿಸಿದ್ದು ಇಲಿಯನ್ನು ಎತ್ತುವುದು ಹೇಗೆ ಅಂತ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದೂ ಇದೇ. ಬಾಲ ಹಿಡಿದು ಎತ್ತುವುದು ಎಷ್ಟೋ ಲ್ಯಾಬ್‌ಗಳಲ್ಲಿ ಹಳೇ ರೂಢಿ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ 2010ರಲ್ಲೇ ತೋರಿಸಿದರು, ಬಾಲ ಹಿಡಿದು ಎತ್ತಿದ ಇಲಿಗಳಿಗೆ ಆತಂಕ ಜಾಸ್ತಿ, ಕೊಳವೆಯಲ್ಲೋ ಬೊಗಸೆಯಲ್ಲೋ ಎತ್ತಿದವಕ್ಕೆ ಕಡಿಮೆ. ಯೋಚನೆ ಮಾಡಿ, ಆತಂಕ ಅಳೆಯುವ ಟೆಸ್ಟಿಗೆ ನಾವೇ ಹೆದರಿಸಿ ತಂದು ಬಿಟ್ಟರೆ ಅಳೆದದ್ದು ಏನನ್ನು?

ಅನಿಮಲ್ ಹೌಸ್ ನೋಡಿಕೊಳ್ಳುವ ಅಣ್ಣ ಹೇಳಿದ್ದು ಇಷ್ಟೇ: "ಅವಸರ ಮಾಡ್ಬೇಡಮ್ಮ, ಕೈ ಇಟ್ಕೊಂಡು ಸುಮ್ನೆ ಇರು, ಅದೇ ಬರುತ್ತೆ." ನಿಜಕ್ಕೂ ಬಂತು. ಮೀಸೆ ಅದುರಿಸುತ್ತಾ ಗ್ಲೌಸ್ ಮೂಸಿತು, ಮುಂಗಾಲು ಎರಡನ್ನೂ ಬೆರಳ ಮೇಲಿಟ್ಟಿತು, ಆಮೇಲೆ ಇಡೀ ಮೈ ಅಂಗೈಗೆ ಬಂತು. ಆ ಬೆಚ್ಚಗಿನ ಪುಟ್ಟ ಭಾರಕ್ಕೆ ಎಷ್ಟು ಖುಷಿಯಾಯಿತು ಗೊತ್ತಾ!

ಉಳಿದದ್ದು ಶಿಸ್ತು. ಟೆಸ್ಟಿಗೆ ಮೊದಲು ಪಂಜರವನ್ನು ಇದೇ ರೂಮಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಒಗ್ಗಿಸಬೇಕು. ಒಂದು ಇಲಿ ಮುಗಿದ ಮೇಲೆ 70% ಆಲ್ಕೋಹಾಲ್‌ನಲ್ಲಿ ಮೇಜ್ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಮುಂದಿನದು, ಇಲ್ಲದಿದ್ದರೆ ಹಿಂದಿನದರ ವಾಸನೆಯೋ ಆಲ್ಕೋಹಾಲ್ ವಾಸನೆಯೋ ಅದನ್ನು ಗಲಿಬಿಲಿ ಮಾಡುತ್ತದೆ. ಸೆಂಟ್ ಹಾಕಿಕೊಂಡು ಬರಬೇಡಿ. ಯಾವ ಇಲಿಗೆ ಔಷಧಿ ಕೊಟ್ಟಿದೆ ಅಂತ ವಿಡಿಯೋ ನೋಡಿ ಲೆಕ್ಕ ಹಾಕುವವರಿಗೆ ಗೊತ್ತಿರಬಾರದು. ಪ್ರಾಣಿ ಪ್ರಯೋಗಗಳನ್ನು ಪರಿಶೀಲಿಸುವ ಎಥಿಕ್ಸ್ ಕಮಿಟಿ ಒಪ್ಪಿಗೆ ಇಲ್ಲದೆ ಇದ್ಯಾವುದನ್ನೂ ಶುರು ಮಾಡುವ ಹಾಗೇ ಇಲ್ಲ.

ನೀವು ಯಾವುದಾದರೂ ಲ್ಯಾಬ್ ಸೇರುತ್ತಿದ್ದರೆ, ಮೊದಲ ದಿನವೇ ಟೆಸ್ಟ್ ಮಾಡಿ ಅಂದರೆ ಒಪ್ಪಬೇಡಿ. ಇಲಿಗಳಿಗೆ ನಿಮ್ಮ ಕೈ ಪರಿಚಯ ಆಗಲು ಕೆಲವು ದಿನ ಬೇಕು ಅಂತ ಕೇಳಿ. ಪಂಜರದಲ್ಲಿ ಒಂದು ಕೊಳವೆ ಇಡಲು ಆಗುತ್ತಾ ಅಂತಲೂ ಕೇಳಿ.