ಗಜ ಎತ್ತಿದ ಅಂಬಾರಿ: ಸೈಕ್ಲೋನ್ ಬಿದ್ದ ಊರಿಗೆ ಲಾರಿಯಲ್ಲಿ ಏನು ಕಳಿಸಬೇಕು?

[ಮೇಜಿನ ಮೇಲೆ ಒಂದು ತುಂಡು ತಗಡಿನ ಶೀಟು, ಒಂದು ಹಿಡಿ ಬೋಲ್ಟು, ಅರ್ಧ ಕುಡಿದ ಕಾಫಿ ಲೋಟ]

2018ರ ಅಕ್ಟೋಬರ್ 19, ವಿಜಯದಶಮಿ. ನಮ್ಮ ಅರ್ಜುನ 750 ಕೆಜಿ ಚಿನ್ನದ ಅಂಬಾರಿ ಹೊತ್ತು ಅರಮನೆಯಿಂದ ಬನ್ನಿಮಂಟಪದ ಕಡೆ ನಡೆದ. ನಾನು ಸಯ್ಯಾಜಿರಾವ್ ರಸ್ತೆಯಲ್ಲಿ ಯಾರದೋ ಹೆಗಲ ಸಂದಿಯಿಂದ ಇಣುಕಿ ನೋಡಿದೆ. ತಿಂಗಳು ತುಂಬುವ ಮೊದಲೇ, ನವೆಂಬರ್ 16ರ ನಡುರಾತ್ರಿ ಕಳೆದ ಮೇಲೆ, ಇನ್ನೊಂದು ಆನೆ ಬಂತು. ತಮಿಳುನಾಡಿನ ನಾಗಪಟ್ಟಿಣಂ ಮತ್ತು ವೇದಾರಣ್ಯಂ ನಡುವೆ ದಡ ಹತ್ತಿದ ಸೈಕ್ಲೋನ್. ಅದರ ಹೆಸರೇ ಗಜ. ಶ್ರೀಲಂಕಾದವರು ಇಟ್ಟ ಹೆಸರು.

ಆ ಗಜ ಒಂದೊಂದು ಮನೆಯ ಮೇಲೂ ಎಷ್ಟು ತೂಕ ಎತ್ತಿತು ಅನ್ನೋದಕ್ಕೆ ಒಂದು ಲೆಕ್ಕ ಇದೆ. ಮಜಾ ಇದೆ. ಸ್ವಲ್ಪ ತಾಳಿ, ಅಲ್ಲಿಗೇ ಬರುತ್ತೇನೆ.

ನಮಸ್ಕಾರ. ಮದ್ದೂರು ಕಡೆಯ ವೀಕ್ಷಕರೊಬ್ಬರು ಕೇಳಿದ್ದಾರೆ. ಓದುತ್ತೇನೆ.

"ಅಣ್ಣ, ಎಲ್ಲಾದ್ರೂ ಸೈಕ್ಲೋನ್ ಬಂತು ಅಂದ್ರೆ ನಮ್ಮೂರ ಹುಡುಗ್ರು ಲಾರಿ ತುಂಬ್ಕೊಂಡು ಹೊಂಟೋಯ್ತಾರೆ. ವಾಪಸ್ ಬಂದು, ಅಲ್ಲಿ ಬೇಕಾಗಿದ್ದೇ ಬೇರೆ ಅಂತಾರೆ. ಹಂಗಾದ್ರೆ ಏನ್ ತುಂಬಬೇಕು?"

ಈ ಪ್ರಶ್ನೆ ನನಗೆ ಚುಚ್ಚಿತು. ಯಾಕೆಂದರೆ ಆ ಹುಡುಗರಲ್ಲಿ ನಾನೂ ಒಬ್ಬ.

[ಪರದೆಯ ಮೇಲೆ: ಬಂಗಾಳ ಕೊಲ್ಲಿಯ ನಕ್ಷೆ]

ಮೊದಲು ಬೇಸಿಕ್ಸ್, ಓಡಿಸಿಬಿಡೋಣ. ಸಮುದ್ರದ ನೀರು 26, 27 ಡಿಗ್ರಿಗಿಂತ ಜಾಸ್ತಿ ಬಿಸಿಯಾಗುತ್ತದೆ. ಮೇಲಿನ ಗಾಳಿ ಹಗುರಾಗಿ ಏರುತ್ತದೆ, ಸುತ್ತಲಿನ ಗಾಳಿ ಆ ಜಾಗಕ್ಕೆ ನುಗ್ಗುತ್ತದೆ, ಭೂಮಿ ತಿರುಗುತ್ತಿರುವುದರಿಂದ ಅದೂ ಸುತ್ತುತ್ತದೆ. ಅಷ್ಟೇ. ಮಂಡ್ಯದವರಿಗೆ ಸೈಕ್ಲೋನ್ ಅಂದರೆ ರಾಗಿ ಕೊಯ್ಯುವ ಹೊತ್ತಿಗೆ ಹಿಡಿಯುವ ಜಡಿಮಳೆ. ರೇಡಿಯೋದಲ್ಲಿ ವಾಯುಭಾರ ಕುಸಿತ ಅಂದ ಕೂಡಲೇ ನಮ್ಮಜ್ಜಿ ಮೆದೆಗೆ ಟಾರ್ಪಾಲ್ ಹುಡುಕುತ್ತಿದ್ದರು. ನಮಗೆ ಬರುವುದು ಅದರ ಬಾಲ. ತಲೆ ಬೀಳುವುದು ಬೇರೆಯವರ ಮೇಲೆ.

ಆ ಬೇರೆಯವರು ಯಾರು ಅಂತ ನೋಡಿ. ಗಜ ಬಡಿದದ್ದು ನಾಗಪಟ್ಟಿಣಂ, ತಿರುವಾರೂರು, ತಂಜಾವೂರು, ಪುದುಕ್ಕೋಟ್ಟೈ ಕಡೆ. ಅದರಲ್ಲಿ ಬಹುಪಾಲು ಕಾವೇರಿಯ ಮುಖಜ ಭೂಮಿ. ಕೆ.ಆರ್.ಎಸ್. ಗೇಟಿನಿಂದ ಹೊರಟ ನೀರು ಕೊನೆಗೆ ಹೋಗಿ ತಲುಪುವ ಗದ್ದೆಗಳು. ಆ ವರ್ಷ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ತೀರ್ಪು ಕೊಟ್ಟಿತ್ತು. ಜುಲೈನಲ್ಲಿ ಡ್ಯಾಮು ತುಂಬಿ, ಜಗಳ ಸ್ವಲ್ಪ ತಣ್ಣಗಿತ್ತು. ಆಗಸ್ಟಿನಲ್ಲಿ ಕೊಡಗು ಕುಸಿಯಿತು. ಮನೆಯಲ್ಲಿದ್ದ ಕಂಬಳಿ, ಬಿಸ್ಕತ್ತು, ಉತ್ಸಾಹ ಎಲ್ಲ ಕೊಡಗಿಗೆ ಕಳಿಸಿ ಕೂತಿದ್ದೆವು. ನವೆಂಬರಿನಲ್ಲಿ ಇದು.

ಆದರೂ ನಾವು ಒಂದಷ್ಟು ಜನ ಒಂದು ಲಾರಿ ತುಂಬಿಸಿದೆವು. ಏನು ತುಂಬಿದೆವು ಗೊತ್ತಾ? ನಗಬೇಡಿ. ಸ್ವೆಟರ್. ಸಮುದ್ರ ತೀರಕ್ಕೆ ಸ್ವೆಟರ್! ಹಳೇ ಶರ್ಟುಗಳು, ಅರ್ಧಕ್ಕರ್ಧ ಗುಂಡಿ ಇಲ್ಲದವು. ರೇಷ್ಮೆ ರವಿಕೆಗಳ ಒಂದು ಗಂಟು, ಯಾವ ಮಹಾತಾಯಿ ಕೊಟ್ಟರೋ. ಮತ್ತೆ, ಇದು ನನ್ನದೇ ಐಡಿಯಾ, ನಾಲ್ಕು ಮೂಟೆ ರಾಗಿ ಹಿಟ್ಟು. ಅನ್ನವೇ ಪ್ರಾಣ ಅನ್ನೋ ಡೆಲ್ಟಾದ ಜನಕ್ಕೆ, ಒಲೆ ಉರಿಸಲು ಒಣ ಸೌದೆಯೂ ಇಲ್ಲದ ಹೊತ್ತಿನಲ್ಲಿ, ನಾನು ಮುದ್ದೆ ಮಾಡಿಕೊಳ್ಳಿ ಅಂತ ಹೊರಟಿದ್ದೆ.

ಒಂದು ಊರಿನ ಶಾಲೆ ಮುಂದೆ ಲಾರಿ ನಿಲ್ಲಿಸಿದೆವು. ವಯಸ್ಸಾದ ಒಬ್ಬಮ್ಮ ಗಂಟು ಬಿಚ್ಚಿ ನೋಡಿದರು. ಸ್ವೆಟರ್ ಎತ್ತಿ ನನ್ನ ಮುಖ ನೋಡಿದರು. ಬೈಯಲಿಲ್ಲ. ಮಡಿಸಿ ಹಾಗೇ ಇಟ್ಟರು. ಆಮೇಲೆ ಕೈ ತೋರಿಸಿದರು. ಅವರ ಮನೆಯ ದಾರಿಗೆ ಅಡ್ಡಲಾಗಿ ಒಂದರ ಮೇಲೊಂದು ಮೂರು ತೆಂಗಿನ ಮರ ಬಿದ್ದಿದ್ದವು. "ರಂಬಂ ಇರುಕ್ಕಾ?" ಅಂದರು. ಗರಗಸ ಇದೆಯಾ ಅಂತ. ನಮ್ಮ ಲಾರಿಯಲ್ಲಿ ಬಿಸ್ಕತ್ ಪೊಟ್ಟಣ ಕತ್ತರಿಸಲು ಒಂದು ಬ್ಲೇಡು ಇತ್ತು.

ಹಳೇ ಬಟ್ಟೆಯ ಈ ಕಥೆ ಹೊಸದಲ್ಲ. 2004ರ ಸುನಾಮಿ ಆದಾಗ ಇದೇ ನಾಗಪಟ್ಟಿಣಂ ಕಡೆ ರಸ್ತೆ ಬದಿಯಲ್ಲಿ ಯಾರಿಗೂ ಬೇಡವಾದ ಬಟ್ಟೆಗಳ ರಾಶಿ ಬಿದ್ದಿತ್ತು. ಅಂಥ ಬಟ್ಟೆಯನ್ನು ಆರಿಸಿ, ತೊಳೆದು, ಬೇರೆ ಬೇರೆ ಕೆಲಸಕ್ಕೆ ತಂದದ್ದು ದೆಹಲಿಯ ಗೂಂಜ್ ಸಂಸ್ಥೆ. ಅದನ್ನು ಕಟ್ಟಿದ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರದೊಂದು ಪದ್ಧತಿ ನನಗೆ ಬಹಳ ಇಷ್ಟ. ಊರಿನವರು ಸೇರಿ ತಮ್ಮೂರಿನದೇ ಕೆಲಸ ಮಾಡುತ್ತಾರೆ. ಕೆರೆ ಹೂಳೆತ್ತುವುದೋ, ದಾರಿ ಸರಿ ಮಾಡುವುದೋ. ಅದಕ್ಕೆ ಸಂಬಳದ ಹಾಗೆ ಬಟ್ಟೆ, ಸಾಮಾನು. ಯಾರೂ ಕೈ ಚಾಚಿದ ಹಾಗಾಗಲಿಲ್ಲ, ಅಲ್ವಾ?

ಸರಿ, ಈಗ ಅಂಬಾರಿ.

[ಪ್ರೆಸೆಂಟರ್ ತಗಡಿನ ಶೀಟನ್ನು ಎತ್ತಿ ಹಿಡಿಯುತ್ತಾನೆ]

ಸೈಕ್ಲೋನಿನಲ್ಲಿ ಛಾವಣಿ ಹೇಗೆ ಹೋಗುತ್ತದೆ? ಗಾಳಿ ನೂಕಿ ಬೀಳಿಸುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ನಮ್ಮ ಲಾರಿ ಡ್ರೈವರ್ ಅಣ್ಣನಿಗೆ ನಿಜ ಗೊತ್ತಿತ್ತು. ಬೆಂಗಳೂರು ಹೆದ್ದಾರಿಯಲ್ಲಿ ಟಾರ್ಪಾಲ್ ಹೊದಿಸಿದ ಲಾರಿ ಸ್ಪೀಡಾಗಿ ಹೋಗುವಾಗ ಗಮನಿಸಿ. ಟಾರ್ಪಾಲ್ ಸಾಮಾನಿಗೆ ಅಂಟಿಕೊಳ್ಳುವುದಿಲ್ಲ. ಪೂರಿ ಹಾಗೆ ಮೇಲಕ್ಕೆ ಉಬ್ಬುತ್ತದೆ. ಅದಕ್ಕೇ ಕ್ಲೀನರ್ ಹುಡುಗ ಹಗ್ಗ ಬಿಗಿದು ಬಿಗಿದು ಕಟ್ಟೋದು. ಮನೆಯದೂ ಅದೇ ಕಥೆ. ಲಾರಿ ನಿಂತಿದೆ, ಗಾಳಿ ಓಡುತ್ತಿದೆ, ವ್ಯತ್ಯಾಸ ಅಷ್ಟೇ. ಸೂರಿಗೆ ಬಡಿದ ಗಾಳಿ ಮೇಲಕ್ಕೆ ಚಿಮ್ಮಿ ಛಾವಣಿಯ ಮೇಲೆ ಜೋರಾಗಿ ಹಾಯುತ್ತದೆ. ಅಲ್ಲಿ ಒತ್ತಡ ಇಳಿಯುತ್ತದೆ. ಮನೆಯೊಳಗಿನ ಗಾಳಿಯ ಒತ್ತಡ ಹಾಗೇ ಇದೆ. ಒಳಗಿನದು ಶೀಟನ್ನು ಮೇಲಕ್ಕೆ ದಬ್ಬುತ್ತದೆ, ಹೊರಗಿನದು ಎಳೆಯುತ್ತದೆ. ಬಾಗಿಲು ಮುರಿದು ಗಾಳಿ ಒಳಗೆ ನುಗ್ಗಿತೋ, ಮುಗಿಯಿತು ಕಥೆ.

[ಪರದೆಯ ಮೇಲೆ: 0.6 × ವೇಗ × ವೇಗ]

ಎಂಜಿನಿಯರುಗಳ ಅಂದಾಜು ಸೂತ್ರ ಇದು. ವೇಗ ಸೆಕೆಂಡಿಗೆ ಇಷ್ಟು ಮೀಟರ್ ಅಂತ ಇರಬೇಕು. ಗಂಟೆಗೆ 120 ಕಿಲೋಮೀಟರ್ ಅಂದರೆ ಸೆಕೆಂಡಿಗೆ 33 ಚಿಲ್ಲರೆ. ಗುಣಿಸಿದರೆ ಒಂದು ಚದರ ಮೀಟರಿಗೆ ಸುಮಾರು 667 ನ್ಯೂಟನ್. ನಮ್ಮ ಭಾಷೆಯಲ್ಲಿ 68 ಕೆಜಿ ಭಾರ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ತಗಡನ್ನು ಒಬ್ಬ ಆಳಿನ ತೂಕದಷ್ಟು ಬಲ ಮೇಲಕ್ಕೆ ಜಗ್ಗುತ್ತಿದೆ. ಆ ತಗಡಿನ ತೂಕ? ನಾಲ್ಕೈದು ಕೆಜಿ.

ಈಗ ಹತ್ತು ಅಡಿ, ಹನ್ನೆರಡು ಅಡಿಯ ಒಂದು ಕೋಣೆ ತಗೊಳ್ಳಿ. ಹಳ್ಳಿಯಲ್ಲಿ ಎಷ್ಟೋ ಸಲ ಮನೆ ಅಂದರೆ ಅದೇ. 11 ಚದರ ಮೀಟರ್. 11 ಸಲ 68 ಎಷ್ಟು?

[ಪರದೆಯ ಮೇಲೆ: 748]

ಏಳುನೂರ ನಲವತ್ತೆಂಟು! ಅಂಬಾರಿ! ಚಿನ್ನದ ಅಂಬಾರಿಯ ತೂಕ! ಕ್ಯಾಲ್ಕುಲೇಟರಿನಲ್ಲಿ ಇದನ್ನು ನೋಡಿದಾಗ ನಾನು ರಾತ್ರಿ ಹನ್ನೊಂದು ಗಂಟೆಗೆ ಎಡಿಟರಿಗೆ ಫೋನ್ ಮಾಡಿದೆ. ಅವನು "ಮಲ್ಕೋ ಗುರು" ಅಂದ. ಆದರೆ ಯೋಚನೆ ಮಾಡಿ. ಆ ಕೋಣೆಯ ಶೀಟುಗಳೆಲ್ಲ ಸೇರಿ ತೂಕ 50 ಕೆಜಿ, ನಮ್ಮ ಮಂಡ್ಯದ ಒಂದು ಸಕ್ಕರೆ ಮೂಟೆ. ಅದನ್ನು ಎತ್ತಲು ಅಂಬಾರಿಯಷ್ಟು ಬಲ ಬಂದಿದೆ. ಮೂಲೆಗಳಲ್ಲಿ, ಸೂರಿನ ಅಂಚಿನಲ್ಲಿ ಈ ಎಳೆತ ಇನ್ನೂ ಜಾಸ್ತಿ. ಇನ್ನೊಂದು ವಿಷಯ. ವೇಗ ಅರ್ಧ ಆದರೆ ಬಲ ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. 60ರ ಗಾಳಿಗೆ ಚದರ ಮೀಟರಿಗೆ 17 ಕೆಜಿ ಮಾತ್ರ. ಅದಕ್ಕೇ ಎಷ್ಟೋ ವರ್ಷ ಮಳೆಗಾಳಿಗೆ ಅಲ್ಲಾಡದ ಮನೆ ಒಂದೇ ರಾತ್ರಿಯಲ್ಲಿ ತಲೆ ಕಳೆದುಕೊಳ್ಳುತ್ತದೆ.

ಶೀಟಿನ ಮೇಲೆ ಕಲ್ಲು ಹೇರುವುದು, ಹಳೇ ಟೈರು ಇಡುವುದು ನಮ್ಮಲ್ಲೂ ಉಂಟು. 20 ಕೆಜಿ ಕಲ್ಲು ಅಂಬಾರಿಗೆ ಏನು ಲೆಕ್ಕ? ಶೀಟು ಹಾರಿತು, ಕಲ್ಲು ಒಳಗೆ ಮಲಗಿದವರ ಮೇಲೆ.

ಹಾಗಾದರೆ ಏನು ಮಾಡಬೇಕು? ಮಾವುತರನ್ನು ಕೇಳಿ. ಅಂಬಾರಿಯನ್ನು ಆನೆ ಬೆನ್ನ ಮೇಲೆ ಸುಮ್ನೆ ಕೂರಿಸುವುದಿಲ್ಲ. ಹೊಟ್ಟೆ ಬಳಸಿ ಹಗ್ಗ ಬಿಗಿಯುತ್ತಾರೆ. ಮೇಲಿನದನ್ನು ಕೆಳಗಿನದಕ್ಕೆ ಕಟ್ಟುತ್ತಾರೆ. ಮನೆಯೂ ಹಾಗೇ. ಶೀಟನ್ನು ರೀಪಿಗೆ ಮೊಳೆ ಹೊಡೆದರೆ ಸಾಲದು, ಮೊಳೆ ಕಿತ್ತು ಬರುತ್ತದೆ.

[ಬೋಲ್ಟು ಕ್ಯಾಮೆರಾ ಹತ್ತಿರ]

ಇದು ಜೆ ಬೋಲ್ಟು. ಕೊಕ್ಕೆ ಹಾಗೆ ಬಾಗಿದೆ ನೋಡಿ. ಈ ಕೊಕ್ಕೆ ಕೆಳಗಿನ ಕಬ್ಬಿಣದ ಪೈಪನ್ನು ಅಪ್ಪಿ ಹಿಡಿಯುತ್ತದೆ. ಮೇಲೆ ಅಗಲವಾದ ವಾಷರು, ಆಮೇಲೆ ನಟ್ಟು. ವಾಷರು ಚಿಕ್ಕದಾದರೆ ಬೋಲ್ಟು ಅಲ್ಲೇ ಉಳಿದು, ತಗಡು ಮಾತ್ರ ಹರಿದುಕೊಂಡು ಹೋಗುತ್ತದೆ. ನಾನು ಆ ಊರಲ್ಲಿ ಕಣ್ಣಾರೆ ಕಂಡಿದ್ದೇನೆ. ಪೈಪಿನ ಮೇಲೆ ಬೋಲ್ಟುಗಳು ಸಾಲಾಗಿ ನಿಂತಿವೆ, ಒಂದೊಂದರ ಕುತ್ತಿಗೆಗೂ ಉಂಗುರದಷ್ಟು ತಗಡು ಸಿಕ್ಕಿಕೊಂಡಿದೆ. ಮನೆ ಇಲ್ಲ. ಅಂಚಿನಲ್ಲಿ ಬೋಲ್ಟು ಒತ್ತೊತ್ತಾಗಿ ಇರಬೇಕು. ಪೈಪನ್ನು ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಹಿಡಿಸಬೇಕು. ಚಪ್ಪಟೆ ಶೀಟಿಗಿಂತ 30 ಡಿಗ್ರಿ ಹತ್ತಿರದ ಇಳಿಜಾರು ವಾಸಿ. ನಾಲ್ಕೂ ಕಡೆ ಇಳಿಜಾರಾದರೆ ಇನ್ನೂ ವಾಸಿ.

ಇದನ್ನೆಲ್ಲ ಯಾಕೆ ಇಷ್ಟು ಎಳೆದೆ ಅಂದರೆ, ಪರಿಹಾರಕ್ಕೆ ಹೋದವರು ಶೀಟು ಕೊಟ್ಟು ಫೋಟೋ ತೆಗೆಸಿಕೊಂಡು ಬರುತ್ತಾರೆ. ಬೋಲ್ಟು ಕೊಡುವುದಿಲ್ಲ. ಬೋಲ್ಟು ಫೋಟೋದಲ್ಲಿ ಕಾಣುವುದಿಲ್ಲವಲ್ಲ. ಮುಂದಿನ ಸೈಕ್ಲೋನಿಗೆ ಅದೇ ಶೀಟು ಪಕ್ಕದ ಮನೆಯವನಿಗೆ ಕತ್ತಿ ಆಗುತ್ತದೆ.

[ಎಡಿಟರ್ ಪರದೆಯ ಮೇಲೆ ಗಡಿಯಾರ ತೋರಿಸುತ್ತಾನೆ]

ಆಯ್ತಪ್ಪ, ಆಯ್ತು. ಅಂಬಾರಿಗೇ ಅರ್ಧ ವಿಡಿಯೋ ಹೋಯಿತು. ತೆಂಗಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ.

ಮದ್ದೂರಿನ ಎಳನೀರು ಮಾರುಕಟ್ಟೆ ನೋಡಿದವರಿಗೆ ತೋಟ ಹೋದರೆ ಏನು ಹೋದ ಹಾಗೆ ಅಂತ ಬಿಡಿಸಿ ಹೇಳಬೇಕಿಲ್ಲ. ನಾಟಿ ತಳಿಯ ಸಸಿ ಇಟ್ಟು ಕಾಯಿ ನೋಡಲು ಐದಾರು ವರ್ಷ ಬೇಕು, ಇನ್ನೂ ಜಾಸ್ತಿಯೂ ಆದೀತು. ಗಜ ಬಿದ್ದ ಮೇಲೆ ತಮಿಳುನಾಡು ಸರ್ಕಾರ ಮರವೊಂದಕ್ಕೆ 1,100 ರೂಪಾಯಿ ಪರಿಹಾರ ಕೊಟ್ಟಿತು. ಅದರಲ್ಲಿ 600 ಮರಕ್ಕೆ, 500 ಬಿದ್ದ ಮರ ಕಡಿದು ಸಾಗಿಸಲು. ಅರ್ಧದ ಹತ್ತಿರ ಬರೀ ಕಡಿಯೋದಕ್ಕೇ! ಕಡಿಯದೆ ಬಿಟ್ಟರೆ ಕೊಳೆತ ಬೊಡ್ಡೆಯಲ್ಲಿ ಸುಳಿ ಕೊರೆಯುವ ದುಂಬಿ ಮೊಟ್ಟೆಯಿಡುತ್ತದೆ. ಉಳಿದ ಮರಗಳಿಗೂ, ಹೊಸ ಸಸಿಗಳಿಗೂ ಅದು ಹತ್ತುತ್ತದೆ. ಆ ಅಮ್ಮ ಸ್ವೆಟರ್ ಮಡಿಸಿಟ್ಟು ಗರಗಸ ಕೇಳಿದ್ದು ಯಾಕೆ ಅಂತ ನನಗೆ ಅರ್ಥವಾಗಿದ್ದು ಬಹಳ ತಡವಾಗಿ.

ಕರೆಂಟು. ಕಂಬಗಳು ಬಿದ್ದಿದ್ದವು. ಕೇರಳದ ವಿದ್ಯುತ್ ಮಂಡಳಿಯ ಲೈನ್‌ಮನ್‌ಗಳು ಬಂದು ಕಂಬ ನಿಲ್ಲಿಸಿದರು. ತಮ್ಮಲ್ಲೇ ಆಗಸ್ಟಿನಲ್ಲಿ ಪ್ರವಾಹ ಆಗಿತ್ತು, ಆದರೂ ಬಂದರು. ಕರೆಂಟ್ ಇಲ್ಲ ಅಂದರೆ ಬೋರ್ ಇಲ್ಲ, ಟ್ಯಾಂಕಿಗೆ ನೀರಿಲ್ಲ. ಒಂದು ಡೀಸೆಲ್ ಜನರೇಟರ್ ಹಿಡಿದುಕೊಂಡು ಊರಿಂದ ಊರಿಗೆ ಹೋಗಿ ಟ್ಯಾಂಕ್ ತುಂಬಿಸಿದರೆ ಅದು ಒಂದು ಲಾರಿ ನೀರಿನ ಬಾಟಲಿಗಿಂತ ದೊಡ್ಡ ಉಪಕಾರ. ಬಾಟಲಿ ಖಾಲಿಯಾದ ಮೇಲೆ ಗುಡಿಸೋರು ಯಾರು, ಅದು ಬೇರೆ ಪ್ರಶ್ನೆ.

ಒಡಿಶಾ ಬಗ್ಗೆ ಒಂದು ಪೂರ್ತಿ ವಿಡಿಯೋ ಮಾಡಬೇಕು, ಈಗ ಒಂದೇ ಉಸಿರಲ್ಲಿ. 1999ರ ಸೂಪರ್ ಸೈಕ್ಲೋನಿನಲ್ಲಿ ಸುಮಾರು 10,000 ಜನ ಸತ್ತರು. 2019ರಲ್ಲಿ ಫನಿ ಬಂದಾಗ 12 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದರು, ಸತ್ತವರ ಸಂಖ್ಯೆ ನೂರು ದಾಟಲಿಲ್ಲ. ನಡುವಿನ ಇಪ್ಪತ್ತು ವರ್ಷದಲ್ಲಿ ಆಶ್ರಯ ಕಟ್ಟಡಗಳು ಎದ್ದವು, ಊರಿನ ಹುಡುಗ ಹುಡುಗಿಯರೇ ಸ್ವಯಂಸೇವಕರಾದರು, ಯಾರ ಮನೆಯ ಅಜ್ಜನನ್ನು ಯಾರು ಎತ್ತಿಕೊಂಡು ಹೋಗಬೇಕು ಅಂತ ತಾಲೀಮು ಮಾಡಿದರು. ದಸರಾಗೆ ಮುಂಚೆ ಆನೆ ಮೇಲೆ ಮರಳು ಮೂಟೆ ಹೇರಿ, ಮರದ ಅಂಬಾರಿ ಹೇರಿ ನಡೆಸುತ್ತಾರಲ್ಲ, ಹಾಗೆ.

ಈಗ ಮದ್ದೂರಿನ ಅಣ್ಣನಿಗೆ ಉತ್ತರ. ಲಾರಿ ಹೊರಡಿಸುವ ಮುಂಚೆ ಆ ಊರಿನವರ ಒಂದು ಫೋನ್ ನಂಬರ್ ಹುಡುಕಿ. ತಮಿಳೋ ತೆಲುಗೋ ಬರುವ ಒಬ್ಬರನ್ನು ಕೂರಿಸಿ ಕೇಳಿಸಿ. ಮೊದಲ ವಾರ ಟಾರ್ಪಾಲ್, ಹಗ್ಗ, ಅಕ್ಕಿ, ಸೊಳ್ಳೆ ಪರದೆ, ಹೆಣ್ಣುಮಕ್ಕಳಿಗೆ ಪ್ಯಾಡು, ಹೊಸ ಒಳ ಉಡುಪು. ಗರಗಸ ಇದ್ದರೆ ಅದನ್ನು ನಡೆಸೋಕೆ ಬರುವ ಮನುಷ್ಯನನ್ನೂ ಕಳಿಸಿ. ನಮ್ಮ ಕಡೆ ಮರ ಕೊಯ್ಯುವವರಿಗೆ ಕಡಿಮೆಯಿಲ್ಲ, ದಿನಗೂಲಿ ನೀವು ಕೊಡಿ. ಅಲ್ಲಿ ಹತ್ತಿರದ ಪೇಟೆಯ ಅಂಗಡಿ ತೆರೆದಿದ್ದರೆ ಸಾಮಾನು ಅಲ್ಲೇ ಕೊಳ್ಳಿ, ಅವರ ವ್ಯಾಪಾರವೂ ಏಳುತ್ತದೆ. ಇನ್ನು ಸಂಗ್ರಹಿಸಿದ ದುಡ್ಡಿನಲ್ಲಿ ಅರ್ಧ ಎತ್ತಿಟ್ಟು, ಆರು ತಿಂಗಳಾದ ಮೇಲೆ ಹೋಗಿ. ಆಗ ಅಲ್ಲಿ ಒಂದು ಲಾರಿಯೂ ಇರುವುದಿಲ್ಲ.

ನಾವು ಹೋಗಿದ್ದು ಮುಂದಿನ ಮೇ ತಿಂಗಳಲ್ಲಿ. ಲಾರಿ ಅಲ್ಲ, ಒಂದು ಓಮ್ನಿ. ಅದರಲ್ಲಿ ಒಬ್ಬ ವೆಲ್ಡರ್, ಎರಡು ಡಬ್ಬ ಬೋಲ್ಟು, ಒಂದು ಡಬ್ಬ ವಾಷರು. ಆ ಅಮ್ಮನ ಮನೆಗೆ ಶೀಟು ಯಾರೋ ಆಗಲೇ ಹಾಕಿಕೊಟ್ಟಿದ್ದರು. ಬರೀ ಮೊಳೆ ಹೊಡೆದು. ವೆಲ್ಡರ್ ಮೇಲೆ ಹತ್ತಿ ಸಂಜೆವರೆಗೂ ಅಂಚಿನ ಬೋಲ್ಟು ಬಿಗಿದ. ಅಮ್ಮ ಕೆಳಗೆ ನಿಂತು ಒಂದೊಂದೇ ಎಣಿಸಿದರು. ಮೂಲೆಯಲ್ಲಿ ಒಂದು ಕಡಿಮೆ ಬಂತು ಅಂತ ಅವನನ್ನು ಮತ್ತೆ ಹತ್ತಿಸಿದರು.