‘ಸೇಫ್ ದಿನ’ಗಳ ಲೆಕ್ಕ ತಪ್ಪುವುದೆಲ್ಲಿ?

ಕೇಳುಗರಿಗೆ ನಮಸ್ಕಾರ.

‘ಮುಟ್ಟಿಗೆ ಮುಂಚೆ ಒಂದು ವಾರ, ಮುಟ್ಟಾದ ಮೇಲೆ ಒಂದು ವಾರ, ಏನೂ ಭಯವಿಲ್ಲ’ ಎಂಬ ಮಾತು ಹೊಸ ಜೋಡಿಗಳ ಕಿವಿಗೆ ಬಿದ್ದೇ ಇರುತ್ತದೆ. ಈ ಲೆಕ್ಕ ನಂಬಿ ಬಸಿರಾದವರು ಕಡಿಮೆಯಿಲ್ಲ.

ಅಂಡಾಶಯದಿಂದ ಹೊರಬಿದ್ದ ಅಂಡಾಣುವಿನ ಆಯುಸ್ಸು ಹೆಚ್ಚೆಂದರೆ 24 ಗಂಟೆ. ವೀರ್ಯಾಣು ಹಾಗಲ್ಲ, ಹೆಣ್ಣಿನ ದೇಹದೊಳಗೆ 5 ದಿನದವರೆಗೂ ಜೀವ ಹಿಡಿದು ಕಾಯಬಲ್ಲದು. ಸೋಮವಾರ ಕೂಡಿದ್ದಕ್ಕೆ ಶುಕ್ರವಾರ ಗರ್ಭ ಕಟ್ಟಬಹುದು. ಇನ್ನು ‘ಅಂಡಾಣು ಬಿಡುವುದು 14ನೇ ದಿನ’ ಎನ್ನುವುದು 28 ದಿನಕ್ಕೊಮ್ಮೆ ಮುಟ್ಟಾಗುವವರಿಗಷ್ಟೇ ಹೊಂದುವ ಮಾತು. ಎಣಿಸಬೇಕಾದ್ದು ಹಿಂದಿನಿಂದ: ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 35 ದಿನದವರಿಗೆ ಅದು 21ನೇ ದಿನ, 24 ದಿನದವರಿಗೆ 10ನೇ ದಿನ. ಆ ಹತ್ತರಲ್ಲಿ ವೀರ್ಯಾಣು ಕಾಯುವ 5 ದಿನ ಕಳೆಯಿರಿ. ರಕ್ತ ಹೋಗುವುದು ಇನ್ನೂ ಪೂರ್ತಿ ನಿಂತಿರುವುದಿಲ್ಲ, ಆಗಲೇ ಗರ್ಭ ನಿಲ್ಲುವ ದಿನಗಳು ಶುರುವಾಗಿರುತ್ತವೆ. ಮುಂದಿನ ಮುಟ್ಟು ಯಾವತ್ತು ಎಂದು ಮೊದಲೇ ಯಾರಿಗೆ ಗೊತ್ತು? ಪಿಸಿಓಡಿ, ಅಂದರೆ ಅಂಡಾಣು ಹೊತ್ತಿಗೆ ಸರಿಯಾಗಿ ಬಿಡದ ತೊಂದರೆ, ಇದ್ದು ಮುಟ್ಟು ಏರುಪೇರಾಗುವವರು ಈ ಎಣಿಕೆಯ ತಂಟೆಗೇ ಹೋಗಬಾರದು.

‘ಹಾಲೂಡಿಸುವಾಗ ಬಸಿರಾಗಲ್ಲ’ ಎನ್ನುವುದು ಅರ್ಧ ನಿಜ. ಮಗುವಿಗೆ 6 ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಎದೆಹಾಲೊಂದೇ ಕೊಡುತ್ತಿರಬೇಕು, ಮುಟ್ಟು ಮರಳಿರಬಾರದು. ಮೂರರಲ್ಲಿ ಒಂದು ತಪ್ಪಿದರೂ ಬೇರೆ ದಾರಿ ನೋಡಿಕೊಳ್ಳಬೇಕು.

ಕೊನೇ ಗಳಿಗೆಯಲ್ಲಿ ಹೊರಗೆ ತೆಗೆಯುವುದನ್ನೇ ನೆಚ್ಚಿಕೊಂಡ 100 ಜೋಡಿಗಳಲ್ಲಿ ಸುಮಾರು 20 ಜೋಡಿಗೆ ವರ್ಷದೊಳಗೆ ಗರ್ಭ ನಿಲ್ಲುತ್ತದೆ. ಕಾಂಡೋಮ್ ಬಳಸುವವರಲ್ಲಿ ಸುಮಾರು 13; ಪ್ರತಿ ಸಲವೂ ಸರಿಯಾಗಿ ಬಳಸಿದರೆ ಬರೀ 2. ಎರಡಕ್ಕೂ ಹದಿಮೂರಕ್ಕೂ ನಡುವೆ ಇರುವುದು ರಬ್ಬರಿನ ದೋಷಕ್ಕಿಂತ ಕೈಯ ದೋಷ.

ಪ್ಯಾಕೆಟ್ಟನ್ನು ಪರ್ಸಿನಲ್ಲೋ ಬೈಕಿನ ಡಿಕ್ಕಿಯಲ್ಲೋ ತಿಂಗಳುಗಟ್ಟಲೆ ಇಟ್ಟರೆ ಶಾಖಕ್ಕೆ, ತಿಕ್ಕಾಟಕ್ಕೆ ರಬ್ಬರು ಸೊರಗುತ್ತದೆ. ತಾರೀಖು ನೋಡಿ, ಕೈಯಲ್ಲೇ ಹರಿಯಿರಿ. ಹಲ್ಲು, ಕತ್ತರಿ ಬೇಡ. ಶಿಶ್ನ ನಿಮಿರಿದ ಮೇಲೆ, ಯೋನಿಗೆ ಸೋಕುವ ಮೊದಲೇ, ತುದಿಯನ್ನು ಎರಡು ಬೆರಳಲ್ಲಿ ಹಿಂಡಿ ಗಾಳಿ ತೆಗೆದು ಬುಡದವರೆಗೆ ಬಿಚ್ಚುತ್ತಾ ಹೋಗಿ. ಸುರುಳಿ ಬಿಚ್ಚಿಕೊಳ್ಳಲಿಲ್ಲವೆಂದರೆ ತಿರುಗುಮುರುಗಾಗಿದೆ ಎಂದರ್ಥ. ಅದನ್ನೇ ಮಗುಚಿ ಹಾಕಬೇಡಿ, ಎಸೆದು ಹೊಸದು ತೆಗೆಯಿರಿ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ನಿಮಿಷಗಳಲ್ಲೇ ರಬ್ಬರು ದುರ್ಬಲವಾಗುತ್ತದೆ. ನೀರಿನಂಶದ ಜೆಲ್ ಆದರೆ ತೊಂದರೆಯಿಲ್ಲ. ಒಂದರ ಮೇಲೊಂದು ಎರಡು ಹಾಕಿದರೆ ಭದ್ರ ಎನ್ನುವುದೂ ತಪ್ಪು, ಉಜ್ಜಾಡಿ ಹರಿಯುತ್ತವೆ. ಸ್ಖಲನವಾದ ಕೂಡಲೇ, ಶಿಶ್ನ ಮೆತ್ತಗಾಗುವ ಮೊದಲು, ಬುಡ ಹಿಡಿದುಕೊಂಡೇ ಹೊರತೆಗೆಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕಾಂಡೋಮ್ ಉಚಿತ. ದಿನಾ ನುಂಗುವ ಗರ್ಭನಿರೋಧಕ ಮಾಲಾ-ಎನ್ ಮಾತ್ರೆ, 3 ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ವಂಕಿ ಅಂದರೆ ಕಾಪರ್-ಟಿ ಕೂಡ ಸರ್ಕಾರದ ಕಡೆಯಿಂದ ಉಚಿತವಾಗಿ ಸಿಗುತ್ತವೆ. ಆದರೆ ಇವು ತಡೆಯುವುದು ಗರ್ಭವನ್ನಷ್ಟೇ. ಎಚ್‌ಐವಿ, ಸಿಫಿಲಿಸ್, ಗೊನೊರಿಯಾಗಳಿಗೆ ಅಡ್ಡ ನಿಲ್ಲುವುದು ಕಾಂಡೋಮೇ. ಕ್ಷಯಕ್ಕೆ ರಿಫಾಂಪಿಸಿನ್ ಅಥವಾ ಮೂರ್ಛೆಗೆ ಕೆಲವು ಮಾತ್ರೆ ನುಂಗುತ್ತಿರುವವರಲ್ಲಿ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗುತ್ತದೆ, ವೈದ್ಯರಿಗೆ ಹೇಳಿಯೇ ಆರಿಸಿಕೊಳ್ಳಿ.

ಕಾಂಡೋಮ್ ಹರಿಯಿತೇ? 72 ಗಂಟೆಯೊಳಗೆ 1.5 ಮಿಲಿಗ್ರಾಂ ಲೆವೊನೊರ್‌ಜೆಸ್ಟ್ರೆಲ್ ಮಾತ್ರೆ ಒಂದು. ಚೀಟಿಯಿಲ್ಲದೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅಂಡಾಣು ಬಿಡುವುದನ್ನು ಮುಂದೂಡುವುದೇ ಇದರ ಕೆಲಸ. ಆಗಲೇ ಬಿಟ್ಟಿದ್ದರೆ ಪ್ರಯೋಜನವಿಲ್ಲ, ಹಾಗಾಗಿ ಮೂರನೇ ದಿನದವರೆಗೆ ಕಾಯದೆ ಅಂದೇ ನುಂಗಿ. 2 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬೇಕು. ಇದು ಗರ್ಭಪಾತದ ಮಾತ್ರೆಯಲ್ಲ, ನಾಳಿನ ಸಂಭೋಗಕ್ಕೆ ರಕ್ಷಣೆಯೂ ಅಲ್ಲ. ಇದಕ್ಕಿಂತ ಖಾತ್ರಿಯಾದ ದಾರಿ 5 ದಿನದೊಳಗೆ ವಂಕಿ ಹಾಕಿಸಿಕೊಳ್ಳುವುದು. ಎಚ್‌ಐವಿಯ ಅಳುಕಿದ್ದರೆ ಅದಕ್ಕೂ 72 ಗಂಟೆಯೊಳಗೇ ಔಷಧ ಶುರುವಾಗಬೇಕು, 28 ದಿನ ನುಂಗಬೇಕು. ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಥವಾ 1097ಕ್ಕೆ ಉಚಿತವಾಗಿ ಕರೆ ಮಾಡಿ ಕೇಳಿ.

ಅಂಡಾಣು ಬಿಡುವುದನ್ನು ಮುಂದೂಡುವ ಆ ಮಾತ್ರೆಯಿಂದ ಮುಟ್ಟು ಕೆಲವು ದಿನ ಹಿಂದುಮುಂದಾಗಬಹುದು. ವಾರ ಮೀರಿದರೆ ಗರ್ಭ ಪರೀಕ್ಷೆ ಮಾಡಿ. ಕಿಟ್ ಆಶಾ ಕಾರ್ಯಕರ್ತೆಯರ ಬಳಿಯೂ ಇರುತ್ತದೆ. ಬೆಳಗಿನ ಮೊದಲ ಮೂತ್ರದ ಎರಡು ಮೂರು ಹನಿ ಬಿಟ್ಟು 5 ನಿಮಿಷ ಕಾಯಿರಿ. ಎರಡನೇ ಗೆರೆ ಮಸುಕಾಗಿ ಮೂಡಿದರೂ ಗರ್ಭ ನಿಂತಿದೆ ಎಂದೇ ತಿಳಿದು ವೈದ್ಯರನ್ನು ಕಾಣಿ. ಒಂದೇ ಗೆರೆ ಬಂದು ಮುಟ್ಟೂ ಆಗದಿದ್ದರೆ ವಾರ ಬಿಟ್ಟು ಇನ್ನೊಮ್ಮೆ ನೋಡಿ.