ಪೆನ್ಸಿಲ್ ಸೆಲ್ಲಿನ ಕಂಪ್ಯೂಟರು

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರಿಗೆ ಪೆನ್ಸಿಲ್ ಸೆಲ್ ಹಾಕಿ ಓಡಿಸುವ ಕಾಲ ಒಂದಿತ್ತು. ಗೋಡೆ ಗಡಿಯಾರಕ್ಕೆ ಹಾಕುತ್ತೇವಲ್ಲ, ಅದೇ ಸೆಲ್ಲು. ಹುಬ್ಬಳ್ಳಿಯಲ್ಲಿ ರಿಪೇರಿ ಕೆಲಸ ಮಾಡುವ ನನ್ನ ಟೇಬಲ್ಲಿಗೆ ಅಪರೂಪಕ್ಕೆ ಈಗಲೂ ಅಂಥದ್ದೊಂದು ಬರುತ್ತದೆ. ಪರದೇಶದಲ್ಲಿದ್ದ ಕಾಕಾ ಯಾವಾಗಲೋ ತಂದುಕೊಟ್ಟದ್ದು, ಅಟ್ಟದ ಮೇಲೆ ಉಳಿದದ್ದು. ತಂದವರು ಕೇಳುವುದು ಒಂದೇ ಮಾತು: “ಇದಕ್ಕ ಚಾರ್ಜ್ ಆಗೋ ಸೆಲ್ ಹಾಕಬೇಕೇನ್ರಿ, ಸಾದಾ ಸೆಲ್ ನಡೀತಾವೇನ್ರಿ?”

ಅದಕ್ಕೆ ಒಂದೇ ಸಾಲಿನ ಉತ್ತರ ಇಲ್ಲ. ಮಷಿನ್ ಯಾವುದು, ದಿನಾ ಬಳಸುತ್ತೀರೋ ಇಲ್ಲವೋ ಅನ್ನುವುದರ ಮೇಲೆ ಹೋಗುತ್ತದೆ.

1981ರಲ್ಲಿ ಆಸ್ಬೋರ್ನ್ 1 ಅಂತ ಒಂದು ಕಂಪ್ಯೂಟರ್ ಬಂತು. ಹೊತ್ತೊಯ್ಯುವ ಕಂಪ್ಯೂಟರ್ ಅಂತ ಅದರ ಹೆಸರಾಯಿತು. ತೂಕ ಸುಮಾರು 11 ಕಿಲೋ, ಬ್ಯಾಟರಿ ಮಾತ್ರ ಇರಲಿಲ್ಲ. ಹೊತ್ತುಕೊಂಡು ಹೋಗಿ ಮತ್ತೆ ಪ್ಲಗ್ ಪಾಯಿಂಟ್ ಹುಡುಕಬೇಕು! ಅದೇ ಸುಮಾರಿಗೆ ಜಪಾನಿನ ಎಪ್ಸನ್ ಕಂಪನಿ ಎಚ್‌ಎಕ್ಸ್-20 ತಂದಿತು. ಅದರ ಹೊಟ್ಟೆಯಲ್ಲಿ ಚಾರ್ಜ್ ಆಗುವ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇತ್ತು.

1983ರಲ್ಲಿ ಅಮೆರಿಕದ ಟ್ಯಾಂಡಿ ಕಂಪನಿ ಮಾರಾಟಕ್ಕಿಟ್ಟ ಟಿಆರ್‌ಎಸ್-80 ಮಾಡೆಲ್ 100 ಬೇರೆ ದಾರಿ ಹಿಡಿಯಿತು. ನಾಲ್ಕು ಪೆನ್ಸಿಲ್ ಸೆಲ್, ಅಷ್ಟೇ. ಪರದೆಯಲ್ಲಿ 8 ಸಾಲು, ಸಾಲಿಗೆ 40 ಅಕ್ಷರ. ಪರದೆಯ ಹಿಂದೆ ದೀಪ ಇಲ್ಲ, ತಿರುಗುವ ಡಿಸ್ಕ್ ಇಲ್ಲ. ಹಾಗಾಗಿ ಒಳ್ಳೆ ಆಲ್ಕಲೈನ್ ಸೆಲ್, ಅಂದರೆ ಸಾದಾ ಸೆಲ್ಲಿನಲ್ಲೇ ಹೆಚ್ಚು ತಾಳುವಂಥದ್ದು, ಹಾಕಿದರೆ ಸುಮಾರು 20 ತಾಸು ಓಡುತ್ತಿತ್ತು. ಪತ್ರಿಕೆಯ ವರದಿಗಾರರು ಇದನ್ನು ಮೆಚ್ಚಿಕೊಂಡದ್ದು ಸುಮ್ನೆ ಅಲ್ಲ. ಯಾವ ಊರಿಗೆ ಹೋದರೂ ಸೆಲ್ ಸಿಗುತ್ತಿತ್ತು.

ನಮ್ಮ ಕಡೆಯ ಲೆಕ್ಕ ಹಾಕಿ ನೋಡಿ. ಆಗಿನ ನಿಕಲ್-ಕ್ಯಾಡ್ಮಿಯಂ ಸೆಲ್ ಪೂರ್ತಿ ಚಾರ್ಜ್ ಆಗಲು ಸಾದಾ ಚಾರ್ಜರಿನಲ್ಲಿ 14ರಿಂದ 16 ತಾಸು ಬೇಕು. ರಾತ್ರಿ ಹಚ್ಚಿಟ್ಟರೆ ನಡುವೆ ಕರೆಂಟ್ ಹೋಗಬಾರದು. ಲೋಡ್ ಶೆಡ್ಡಿಂಗ್ ಕಂಡವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಸಾದಾ ಸೆಲ್ಲಾದರೆ ಸವಣೂರು, ಹಾನಗಲ್ಲಿನ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅಲ್ಲಿ ಸಿಗುವುದು ಹೆಚ್ಚಾಗಿ ರೇಡಿಯೋಕ್ಕೆ ಹಾಕುವ ಅಗ್ಗದ ಸತು-ಇಂಗಾಲದ ಸೆಲ್ಲು. ಆಲ್ಕಲೈನಿನಷ್ಟು ತಾಳಿಕೆ ಅದಕ್ಕಿಲ್ಲ. ಅದನ್ನೇ ಮಾಳಿಗೆ ಮೇಲೆ ಬಿಸಿಲಿಗಿಟ್ಟು ಇನ್ನೊಂದೆರಡು ದಿನ ರೇಡಿಯೋ ಕೇಳುವವರಿದ್ದರು. ಕಂಪ್ಯೂಟರಿಗೆ ಆ ಉಪಾಯ ನಡೆಯುವುದಿಲ್ಲ ಬಿಡಿ.

ಇನ್ನು ವೋಲ್ಟೇಜಿನ ವಿಷಯ. ಸಾದಾ ಸೆಲ್ 1.5 ವೋಲ್ಟಿನಿಂದ ಶುರುವಾಗಿ ನಿಧಾನಕ್ಕೆ ಇಳಿಯುತ್ತದೆ. ಮಾಡೆಲ್ 100ರಲ್ಲಿ ಒಂದು ಸಣ್ಣ ಕೆಂಪು ದೀಪ ಇದೆ. ಸೆಲ್ ಮುಗಿಯುತ್ತ ಬಂದಾಗ ಹತ್ತಿಕೊಳ್ಳುತ್ತದೆ, ಬರೆದದ್ದನ್ನು ಮುಗಿಸಲು ಸಮಯ ಸಿಗುತ್ತದೆ. ನಿಕಲ್-ಕ್ಯಾಡ್ಮಿಯಂ ಹಾಗಲ್ಲ. 1.2 ವೋಲ್ಟಿನಲ್ಲಿ ಬಹಳ ಹೊತ್ತು ಅಲುಗಾಡದೆ ನಿಂತು, ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ದೀಪ ಹತ್ತಿತು ಅನ್ನುವಷ್ಟರಲ್ಲಿ ಪರದೆ ಖಾಲಿ. ಆಗಿನ ನಿಕಲ್-ಕ್ಯಾಡ್ಮಿಯಂ ಪೆನ್ಸಿಲ್ ಸೆಲ್ಲಿನ ಸಾಮರ್ಥ್ಯ ಸುಮಾರು 500 ಮಿಲಿಆಂಪ್-ಅವರ್. ಆಲ್ಕಲೈನಿನದು ಅದರ ನಾಲ್ಕು ಪಟ್ಟು. ಮೇಲಾಗಿ ನಿಕಲ್-ಕ್ಯಾಡ್ಮಿಯಂ ತೂತು ಕೊಡ ಇದ್ದ ಹಾಗೆ, ಬಳಸದೆ ಇಟ್ಟರೂ ಚಾರ್ಜ್ ಸೋರಿಹೋಗುತ್ತದೆ. ಅದರ ಪರವಾಗಿ ಹೇಳಬಹುದಾದದ್ದು ಒಂದು, ನೂರಾರು ಸಲ ಚಾರ್ಜ್ ಮಾಡಬಹುದು. ದಿನಾ ನಾಲ್ಕು ತಾಸು ಬರೆಯುವವರಿಗೆ ಅದು ದೊಡ್ಡ ಉಳಿತಾಯವೇ.

ಈಗ ಒಂದು ತಮಾಷೆ ಕೇಳಿ. ಸಾದಾ ಸೆಲ್ಲಿನ ಈ ಮಾಡೆಲ್ 100ರ ಒಳಗೂ ಚಾರ್ಜ್ ಆಗುವ ಒಂದು ಪುಟ್ಟ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇದೆ, ಬೋರ್ಡಿಗೆ ಬೆಸುಗೆ ಹಾಕಿದ್ದು. ಪೆನ್ಸಿಲ್ ಸೆಲ್ ಬದಲಿಸುವಾಗ ಬರೆದದ್ದು ಅಳಿಸಿಹೋಗದಂತೆ ಕಾಯುವುದು ಅದರ ಕೆಲಸ. ಅದನ್ನು ಚಾರ್ಜ್ ಮಾಡುವುದು ಆ ನಾಲ್ಕು ಪೆನ್ಸಿಲ್ ಸೆಲ್ಲುಗಳೇ!

ಮಷಿನ್ ಕೆಡಿಸುವುದೂ ಅದೇ. ಬಿಚ್ಚಿ ನೋಡಿದರೆ ಆ ಬ್ಯಾಟರಿಯ ಸುತ್ತ ಹಸಿರು-ಬಿಳಿ ಪುಡಿ ಕಟ್ಟಿರುತ್ತದೆ. ಒಳಗಿನ ಕ್ಷಾರ ಸೋರಿ, ಕೂದಲಿನಂಥ ತಾಮ್ರದ ಗೆರೆಗಳ ಗುಂಟ ಹರಿದು ತಿಂದುಹಾಕಿರುತ್ತದೆ. ಹತ್ತಿಯಲ್ಲಿ ಸ್ವಲ್ಪ ಲಿಂಬೆರಸ ಅದ್ದಿ ಮುಟ್ಟಿಸಿದರೆ ನೊರೆ ಏಳುತ್ತದೆ, ಪುಡಿ ಕರಗುತ್ತದೆ. ಆಮೇಲೆ ಸ್ಪಿರಿಟ್ಟಿನಿಂದ ಒರೆಸಿ ಪೂರ್ತಿ ಒಣಗಿಸಬೇಕು. ತುಂಡಾದ ಗೆರೆಗೆ ಸಣ್ಣ ತಂತಿ ಬೆಸೆಯಬೇಕು. ಆಲ್ಕಲೈನ್ ಸೆಲ್ ಒಳಗೇ ಮರೆತರೂ ಇದೇ ಗತಿ. ಆದರೆ ಆಗ ಹೋಗುವುದು ಸ್ಪ್ರಿಂಗು, ಬೋರ್ಡ್ ಉಳಿಯುವುದೇ ಜಾಸ್ತಿ.

ಕಂಪನಿಗಳು ತಮ್ಮದೇ ಆಕಾರದ ಬ್ಯಾಟರಿ ಪ್ಯಾಕ್ ಮಾಡಲು ಹೊರಟದ್ದು ನನಗಂತೂ ಸೇರುವುದಿಲ್ಲ. 1989ರ ಆ್ಯಪಲ್ ಮ್ಯಾಕಿಂಟೋಷ್ ಪೋರ್ಟಬಲ್‌ನಲ್ಲಿ ಕಾರಿನ ಬ್ಯಾಟರಿಯ ಜಾತಿಯದೇ ಸೀಸ-ಆಮ್ಲದ ಬ್ಯಾಟರಿ. ಅದು ಸತ್ತರೆ ಗೋಡೆಯ ಪ್ಲಗ್ಗಿಗೆ ಹಚ್ಚಿದರೂ ಮಷಿನ್ ಏಳುತ್ತಿರಲಿಲ್ಲ. ಅದೇ ವರ್ಷದ ಅಟಾರಿ ಪೋರ್ಟ್‌ಫೋಲಿಯೋ ಅನ್ನುವ ಪುಟ್ಟ ಕಂಪ್ಯೂಟರಿಗೆ ಇವತ್ತೂ ಮೂರು ಪೆನ್ಸಿಲ್ ಸೆಲ್ ಹಾಕಿ ಚಾಲೂ ಮಾಡಬಹುದು. 1994ರ ಎಚ್‌ಪಿ 200ಎಲ್‌ಎಕ್ಸ್ ಎರಡಕ್ಕೂ ಒಪ್ಪುತ್ತದೆ. ಎರಡೇ ಪೆನ್ಸಿಲ್ ಸೆಲ್, ಸಾದಾ ಆದರೂ ಸರಿ, ಚಾರ್ಜಿನದಾದರೂ ಸರಿ. ಯಾವುದು ಹಾಕಿದ್ದೀರಿ ಅಂತ ಅದಕ್ಕೆ ಹೇಳಿಡಬೇಕು. ಸಾದಾ ಸೆಲ್ ಇಟ್ಟು ಚಾರ್ಜಿನದು ಅಂತ ಸುಳ್ಳು ಹೇಳಿದಿರೋ, ಅಡಾಪ್ಟರ್ ಹಚ್ಚಿದಾಗ ಸೆಲ್ ಸೋರಿಬಿಡಬಹುದು.

ಈಗ ಅಂಗಡಿಯಲ್ಲಿ ಸಿಗುವ ಚಾರ್ಜಿನ ಸೆಲ್ ನಿಕಲ್-ಮೆಟಲ್ ಹೈಡ್ರೈಡ್. ಸುಮಾರು 2000 ಮಿಲಿಆಂಪ್-ಅವರ್ ಇರುತ್ತದೆ. ಇಟ್ಟಲ್ಲೇ ಚಾರ್ಜ್ ಬೇಗ ಸೋರಿಹೋಗದಂಥವು 2005ರಿಂದ ಬಂದಿವೆ. ಹಳೆ ಮಷಿನ್ನಿನಲ್ಲಿ ದಿನಾ ಬರೆಯುವವರು ಅದನ್ನೇ ಹಾಕಿ. ತಿಂಗಳಿಗೊಮ್ಮೆ ಮಕ್ಕಳಿಗೆ ತೋರಿಸಲು ಮಾತ್ರ ಅಂದರೆ ಸಾದಾ ಆಲ್ಕಲೈನ್ ಸಾಕು, ತೋರಿಸಿದ ಮೇಲೆ ತೆಗೆದಿಡಿ. ಹಳೆಯದು ಹೊಸದು ಬೆರೆಸಬೇಡಿ. ಮಾಡೆಲ್ 100 ಇದ್ದವರು ಮಾತ್ರ ಸೆಲ್ ಕೊಳ್ಳುವ ಮೊದಲು ಒಳಗಿನ ಆ ಪುಟ್ಟ ಬ್ಯಾಟರಿ ತೆಗೆಸಿ ಹೊಸದು ಹಾಕಿಸಿ. ತೆಗೆದದ್ದನ್ನು ತಿಪ್ಪೆಗೆ ಒಗೆಯಬೇಡಿ, ಕ್ಯಾಡ್ಮಿಯಂ ವಿಷ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ನಮಸ್ಕಾರ.